ಹಾಲಿನ ಕೊಕ್ಕೆ ಇರಲಿ ಬಿಡಿ

ಅಪ್ಪನ ಹಳೇ ಚೇತಕ್ ಸ್ಕೂಟರ್ ಹುಡುಕೋಕೆ ಹೊರಟಾಗ ನನ್ನ ಕೈಲಿ ಇದ್ದದ್ದು ಆರ್‌ಸಿ ಪುಸ್ತಕದ ಒಂದು ಮಾಸಿದ ಜೆರಾಕ್ಸ್ ಮಾತ್ರ. 1984ರ ಗಾಡಿ. ಎಂಜಿನ್ ನಂಬರ್ ಓದೋಕೆ ಬರುತ್ತಿತ್ತು, ಚಾಸಿ ನಂಬರಿನ ಕೊನೆಯ ಅಂಕಿಗಳು ಮಡಿಕೆಯಲ್ಲಿ ಹೋಗಿದ್ದವು. ಈಗಿನ ಗಾಡಿಯಾದರೆ ಮೊಬೈಲಿನಲ್ಲಿ ನಂಬರ್ ಹೊಡೆದರೆ ಸಾಕು, ಇಡೀ ಜಾತಕ ಬರುತ್ತದೆ ಅಲ್ವಾ? ಇದು 1989ಕ್ಕಿಂತ ಮುಂಚಿನದು, ಕೆಎ ಅಂತ ಶುರುವಾಗುವ ನಂಬರ್‌ಗಳು ಇನ್ನೂ ಬಂದಿರದ ಕಾಲದ್ದು. ಆ್ಯಪ್ ಕೈ ಎತ್ತಿಬಿಟ್ಟಿತು.

ಅಪ್ಪ ನೂಲಿನ ಏಜೆಂಟ್. ಬೆಳಗಾವಿಯ ಶಹಾಪುರ, ವಡಗಾವಿ, ಖಾಸಬಾಗದ ಮಗ್ಗಗಳಿಗೆ ನೂಲು ಮುಟ್ಟಿಸಬೇಕು, ನೇಯ್ದ ಸೀರೆ ತಂದು ಅಂಗಡಿಗೆ ಕೊಡಬೇಕು. ಕಾಲಿಡುವ ಜಾಗದಲ್ಲಿ ಒಂದು ಬಂಡಲ್, ಹಿಂದೆ ಇನ್ನಷ್ಟು. ಮುಂದಿನ ಬಂಡಲ್ ಮೇಲೆ ನಾನು ನಿಂತು ಹ್ಯಾಂಡಲ್ ಹಿಡಿದಿರುತ್ತಿದ್ದೆ. ಅಂಗಡಿಯಿಂದ ಬಂದ ಸ್ಟೆಪ್ನಿ ಸ್ಟ್ಯಾಂಡ್ ಭಾರ ತಡೆಯೋದಿಲ್ಲ ಅಂತ ಅಪ್ಪ ದಪ್ಪ ಕಬ್ಬಿಣದ ಕ್ಯಾರಿಯರ್ ಒಂದನ್ನು ಬೆಸುಗೆ ಹಾಕಿಸಿದ್ದರು. ಚಂದ ಏನೂ ಇರಲಿಲ್ಲ ಅದು.

ಆಗ ಚೇತಕ್ ಬೇಕು ಅಂದರೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. 1972ರಲ್ಲಿ ಬಜಾಜ್ ಕಂಪನಿ ಹೊರತಂದ ಗಾಡಿ, ಒಳಗೆ ಇಟಲಿಯ ವೆಸ್ಪಾದ ವಿದ್ಯೆ, ಹೆಸರು ರಾಣಾ ಪ್ರತಾಪನ ಕುದುರೆಯದು. ವಿದೇಶಿ ಹಣದಲ್ಲಿ ಕಟ್ಟಿದವರಿಗೆ ಸರದಿ ಬಿಟ್ಟು ಬೇಗ ಸಿಗುತ್ತಿತ್ತಂತೆ. ನೂಲಿನ ಏಜೆಂಟನಿಗೆ ಡಾಲರ್ ಎಲ್ಲಿಂದ ಬರಬೇಕು? ಅಪ್ಪ ಕಾದರು. ಅಷ್ಟು ಕಾದು ತಂದದ್ದನ್ನು 1996ರಲ್ಲಿ ಮಾರಿದರು. ಯಾಕೆ ಅಂತ ಮನೆಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ದುಡ್ಡು ಬೇಕಾಗಿತ್ತು, ಅಷ್ಟೇ ಅಂತ ನನ್ನ ಲೆಕ್ಕ.

ಕೊನೆಗೆ ದಾರಿ ತೋರಿಸಿದ್ದು ಖಾಸಬಾಗದ ಒಬ್ಬ ಹಳೇ ಮೆಕ್ಯಾನಿಕ್. ಈಗ ಅವರ ಮಗ ಗ್ಯಾರೇಜ್ ನೋಡಿಕೊಳ್ಳುತ್ತಾನೆ, ಇವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಯಾರ ಮಗ ಅಂತ ಕೇಳಲೇ ಇಲ್ಲ, "ಯಾವ ಗಾಡಿ?" ಅಂದರು. ತಿಳಿ ನೀಲಿ ಚೇತಕ್, ಕಬ್ಬಿಣದ ಕ್ಯಾರಿಯರ್ ಅಂದ ಕೂಡಲೇ "ಅದು ಹಿರೇಬಾಗೇವಾಡಿಗೆ ಹೋತಲ್ರೀ" ಅಂದರು, ನಿನ್ನೆ ಮೊನ್ನೆ ಹೋದ ಹಾಗೆ. ಹಿರೇಬಾಗೇವಾಡಿಯವರು ನೇಸರಗಿ ಕಡೆ ಕೈ ತೋರಿಸಿದರು. ನೇಸರಗಿ ಹತ್ತಿರದ ಒಂದು ಹಳ್ಳಿಯಲ್ಲಿ, ಹಾಲು ಹಾಕುವ ಅಜ್ಜ ಒಬ್ಬರ ದನದ ಕೊಟ್ಟಿಗೆಯಲ್ಲಿ, ಗೊಬ್ಬರದ ಖಾಲಿ ಚೀಲಗಳ ಕೆಳಗೆ ಗಾಡಿ ಇತ್ತು. ಬಣ್ಣ ಹಸಿರಾಗಿತ್ತು. ಬಾಗಿಲಿಗೆ ಬಳಿಯುವ ಹಸಿರು, ಬ್ರಷ್‌ನಲ್ಲೇ ಬಳಿದದ್ದು. ಕ್ಯಾರಿಯರ್ ಮಾತ್ರ ಅದೇ. ಅದರ ಎರಡೂ ಪಕ್ಕಕ್ಕೆ ಹಾಲಿನ ಕ್ಯಾನ್ ತೂಗುಹಾಕೋಕೆ ಅಜ್ಜ ಕೊಕ್ಕೆ ಸೇರಿಸಿದ್ದರು. ಸೀಮೆಎಣ್ಣೆ ಹಾಕಿ ತಿಕ್ಕಿದ ಮೇಲೆ ನಂಬರ್ ಕಂಡಿತು, ಜೆರಾಕ್ಸಿನ ಜೊತೆ ಹೊಂದಿತು.

ಅಪ್ಪ ಈ ಗಾಡಿ ಓಡಿಸಿದ್ದು 12 ವರ್ಷ. ಅಜ್ಜ ಅದಕ್ಕಿಂತ ಜಾಸ್ತಿ ವರ್ಷ ಓಡಿಸಿದ್ದಾರೆ, ಅದರ ಮೇಲೆ ದುಡಿದು ಮಕ್ಕಳ ಮದುವೆ ಮಾಡಿದ್ದಾರೆ. "ನಮ್ಮಪ್ಪನ ಗಾಡಿ" ಅಂತ ಅಧಿಕಾರದಿಂದ ಹೇಳೋಕೆ ಅವರ ಅಂಗಳದಲ್ಲಿ ನಿಂತಾಗ ಬಾಯಿ ಬರಲಿಲ್ಲ. ಅವರು ರೇಟಿನ ಬಗ್ಗೆ ಹಟ ಮಾಡಲಿಲ್ಲ, ಗುಜರಿ ಬೆಲೆಗಿಂತ ಸ್ವಲ್ಪ ಮೇಲೆ ಒಪ್ಪಿದರು. ಚಾಲೂ ಆದ ಮೇಲೆ ತಂದು ತೋರಿಸಬೇಕು ಅಂದರು, ಅಷ್ಟೇ.

ಈಗ ರಿಪೇರಿ ಕಥೆ. ಚೇತಕ್‌ಗೆ ಬೈಕಿನ ಹಾಗೆ ಪೈಪಿನ ಫ್ರೇಮ್ ಇಲ್ಲ, ತಗಡಿನ ಮೈಯೇ ಚಾಸಿ. ಹಾಗಾಗಿ ತುಕ್ಕು ಹಿಡಿದರೆ ಅದು ಬರೀ ಚಂದದ ಪ್ರಶ್ನೆ ಅಲ್ಲ. ಕಾಲಿಡುವ ಜಾಗದ ರಬ್ಬರ್ ಎತ್ತಿದರೆ ಕೆಳಗಿನ ನೆಲ ಕಾಣಿಸುತ್ತಿತ್ತು! ಹಾಲು, ನೀರು, ಕೊಟ್ಟಿಗೆಯ ತೇವ, ಎಲ್ಲ ಸೇರಿ ತಗಡನ್ನು ತಿಂದುಹಾಕಿದ್ದವು. ಕಾರ್ಖಾನೆಗಳ ಏರಿಯಾ ಉದ್ಯಮಬಾಗದಲ್ಲಿ ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಸಿದೆ. ಈ ವಿಷಯದಲ್ಲಿ ಬೆಳಗಾವಿಯವರು ಪುಣ್ಯವಂತರು ಬಿಡಿ. ಫೌಂಡ್ರಿ, ಲೇತ್ ಮೇಲೆ ಬದುಕುವ ಊರು, ಯಾವ ಬುಷ್ ಬೇಕಾದರೂ ಅಳತೆ ಕೊಟ್ಟರೆ ತಿರುಗಿಸಿ ಕೊಡುತ್ತಾರೆ. ಅಂಗಡಿಯಲ್ಲಿ ಸಿಗದ ಬೇರೆ ಸಾಮಾನು ಕೊಲ್ಹಾಪುರದಿಂದ, ಪುಣೆಯಿಂದ ಬಂತು.

ಎಂಜಿನ್ 145.45 ಸಿಸಿ, ಟೂ ಸ್ಟ್ರೋಕ್. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 57 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, ಅದೂ 57. ಸಿಲಿಂಡರ್ ಗೀರು ಬಿದ್ದಿತ್ತು, ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. ಆದರೆ ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಪಿಸ್ಟನ್‌ಗಿಂತ ಮೊದಲು ನೋಡಬೇಕಾದದ್ದು ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ಎರಡು ಬದಿಯ ಆಯಿಲ್ ಸೀಲ್ ಅನ್ನೋ ರಬ್ಬರ್ ಬಳೆಗಳು. ಜನ ಇದನ್ನು ಬಿಟ್ಟು ಕಾರ್ಬೊರೇಟರ್ ಬಿಚ್ಚುತ್ತಾ ಕೂರುತ್ತಾರೆ. ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಎಂಜಿನ್ ಅಲ್ಲಿಂದ ಗಾಳಿ ಎಳೆದುಕೊಂಡು, ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ ಆಗಿ, ಎಕ್ಸಲರೇಟರ್ ಬಿಟ್ಟರೂ ಕೂಗುತ್ತಲೇ ಇರುತ್ತದೆ, ಕಾದು ಜಾಮ್ ಆಗೋದೂ ಉಂಟು. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಒಳಗೆ ಎಳೆದು ಸುಟ್ಟು, ಹಿಂದೆ ಬರುವವನಿಗೆ ರಸ್ತೆ ಕಾಣದಷ್ಟು ಬಿಳಿ ಹೊಗೆ. ನಮ್ಮದರಲ್ಲಿ ಎರಡೂ ಹೋಗಿದ್ದವು.

ಸೈಲೆನ್ಸರ್ ಒಳಗೆ ಕಾರ್ಬನ್ ಕಟ್ಟಿತ್ತು, ಬೆಂಕಿಗೆ ಹಾಕಿ ಸುಟ್ಟು ಬಡಿದರು. ಗೇರ್ ಕೇಬಲ್, ಪಾಯಿಂಟ್, ಕಂಡೆನ್ಸರ್, ವೈರಿಂಗ್ ಎಲ್ಲ ಹೊಸದು.

ಪೆಟ್ರೋಲಿನದು ಇನ್ನೊಂದು ತಲೆನೋವು. ಈಗ ಬಂಕಿನಲ್ಲಿ ಸಿಗೋದರಲ್ಲಿ ಶೇ. 20 ಎಥೆನಾಲ್. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲೂ ತಯಾರಾಗುತ್ತದೆ, ಬೈಯೋಕೂ ಆಗಲ್ಲ. ಅದು ಹಳೇ ರಬ್ಬರಿಗೆ ಆಗಿಬರೋದಿಲ್ಲ, ತೇವ ಬೇರೆ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಪೈಪ್, ವಾಷರ್ ಬದಲಾಯಿಸಿದೆ. ತುಂಬಾ ದಿನ ನಿಲ್ಲಿಸೋದಿದ್ದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬೊರೇಟರ್ ಖಾಲಿಯಾಗಿ ತಾನೇ ಆಫ್ ಆಗೋವರೆಗೂ ಓಡಲು ಬಿಡುತ್ತೇನೆ.

ಜಗಳ ಆಗಿದ್ದು ಬಣ್ಣದ ಹತ್ತಿರ. ಪೇಂಟರ್‌ಗೆ ಡೆಂಟ್ ಎಲ್ಲ ತುಂಬಿ, ಕ್ಯಾರಿಯರ್ ಕಿತ್ತು, ಕ್ರೋಮ್ ಗಾರ್ಡ್ ಹಾಕಿ, ಬಿಳಿ ಪಟ್ಟಿಯ ಟೈರಿನಲ್ಲಿ ಮದುವೆ ಫೋಟೋಶೂಟ್ ಗಾಡಿ ಮಾಡುವ ಆಸೆ. ಅಂಥ ಚೇತಕ್ ಬೇಕಾದಷ್ಟಿವೆ. ನೂಲು ಹೊತ್ತ ಗಾಡಿಗೆ, ಹಾಲು ಹೊತ್ತ ಗಾಡಿಗೆ ಯಾಕೆ ಸುಮ್ನೆ ನಾಟಕದ ವೇಷ? ಮತ್ತೆ ತಿಳಿ ನೀಲಿ ಹೊಡೆಸಿದೆ, ಕ್ಯಾರಿಯರ್ ಉಳಿಯಿತು. ಕೊಕ್ಕೆ ಕತ್ತರಿಸೋಣ, ಅವು ನಮ್ಮಪ್ಪನವಲ್ಲವಲ್ಲ ಅಂತ ಅಣ್ಣ ಅಂದ. ನಾನು ಒಪ್ಪಲಿಲ್ಲ. 1996ಕ್ಕೆ ಗಾಡಿ ಸತ್ತು ನನ್ನ ಕೈಗೆ ಬಂದ ಮೇಲೆ ಎದ್ದಿತು ಅನ್ನೋ ಹಾಗೆ ಮಾಡೋದು ನನಗೆ ಸರಿ ಕಾಣಲಿಲ್ಲ. ಅಣ್ಣನ ಮೊಣಕಾಲಿಗೆ ಕೊಕ್ಕೆ ತಗುಲುತ್ತದೆ, ಅದೂ ನಿಜ.

ಅಜ್ಜನಿಗೆ ತೋರಿಸಿ ಬಂದೆ. ಒಂದು ಸುತ್ತು ಹೊಡೆದು ಬಂದು, ಮೂರನೇ ಗೇರ್ ಬಿಗಿ ಐತಿ, ಬಣ್ಣ ಹಸಿರೇ ಚಲೋ ಇತ್ತು ಅಂದರು. ಗೇರಿನ ಮಾತು ಸರಿಯೇ ಇತ್ತು, ಕೇಬಲ್ ಸಡಿಲ ಮಾಡಿಸಿದೆ.

ಇನ್ನು ಉಳಿದದ್ದು ಕಾಗದ. ನಡುವೆ ಕೊಂಡವರು ಯಾರೂ ಹೆಸರು ಬದಲಾಯಿಸಿಕೊಂಡಿರಲಿಲ್ಲ, ದಾಖಲೆಯಲ್ಲಿ ಮಾಲೀಕರು ಇವತ್ತಿಗೂ ಅಪ್ಪನೇ. ಅಪ್ಪ ಈಗಿಲ್ಲ, ಹಾಗಾಗಿ ಮಾಲೀಕರು ತೀರಿಕೊಂಡಾಗ ವಾರಸುದಾರರು ಕೊಡುವ ಫಾರ್ಮ್ 31 ಹಾಕಬೇಕು. 15 ವರ್ಷದ ನೋಂದಣಿ 1999ಕ್ಕೇ ಮುಗಿದಿದೆ, ಅದರ ನವೀಕರಣ ಬೇರೆ, ದಂಡ ಬೇರೆ. ವಿಂಟೇಜ್ ಅಂತ ಮಾಡಿಸಿಬಿಡಿ ಅಂತ ಸಲಹೆ ಕೊಡುವವರು ಸುಮಾರು ಜನ. 2021ರ ನಿಯಮದ ಪ್ರಕಾರ ಅದಕ್ಕೆ 50 ವರ್ಷ ತುಂಬಿರಬೇಕು, ಅಂದರೆ 2034. ಅಷ್ಟೇ ಅಲ್ಲ, ವಿಂಟೇಜ್ ಆದ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ನನಗೆ ಶಹಾಪುರದ ಸಂತೆಗೆ ಹೋಗೋಕೆ ಬೇಕು. ಅಮ್ಮನ ಹತ್ತಿರ ಅಪ್ಪನ ಮರಣ ಪ್ರಮಾಣ ಪತ್ರದ ಒರಿಜಿನಲ್ ಇದೆ, ಅಣ್ಣನ ಒಪ್ಪಿಗೆ ಪತ್ರ ಬಾಕಿ. ಕೊಕ್ಕೆ ಕತ್ತರಿಸಿದರೆ ಸಹಿ ಮಾಡ್ತೀನಿ ಅಂತಿದ್ದಾನೆ.