ಸಾಲ ತೀರಿಸಲು ಹಡಗು ಹತ್ತಿದವರ ಊರಿನಲ್ಲಿ

ರಸ್ತೆ ಬದಿಯ ಬೇಲಿಗೆ ಹಬ್ಬಿದ್ದ ದ್ರಾಕ್ಷಿ ಬಳ್ಳಿಯ ಮುಂದೆ ಅಪ್ಪ ನಿಂತುಬಿಟ್ಟರು. ಒಂದು ಎಲೆ ಹಿಡಿದು ಅದರ ಮೇಲೆ ಹೆಬ್ಬೆರಳು ಉಜ್ಜಿದರು. ಬೆರಳಿಗೆ ತೆಳ್ಳಗೆ ಬೂದಿ ಬಣ್ಣದ ಪುಡಿ ಅಂಟಿತು. "ಮಗಾ, ನೋಡು. ಬೂದಿ ರೋಗ. ಇಲ್ಲೂ ಐತೆ" ಅಂದರು.

2018ರ ಜನವರಿ. ಅಕ್ಕನ ಮನೆ ಮೆಲ್ಬರ್ನ್‌ನಲ್ಲಿದೆ. ನಾನು ಅಪ್ಪನನ್ನು ಕರೆದುಕೊಂಡು ಒಂದು ತಿಂಗಳಿಗೆ ಹೋಗಿದ್ದೆ. ದೊಡ್ಡಬಳ್ಳಾಪುರದ ಹತ್ತಿರ ನಮ್ಮದು ಎರಡು ಎಕರೆ ಬೆಂಗಳೂರು ಬ್ಲೂ ದ್ರಾಕ್ಷಿ ತೋಟ. ಅಪ್ಪನಿಗೆ ಸಮುದ್ರ, ಎತ್ತರದ ಕಟ್ಟಡ ಯಾವುದೂ ರುಚಿಸಲಿಲ್ಲ. "ಇಲ್ಲಿ ದ್ರಾಕ್ಷಿ ಬೆಳೆಯೋರು ಯಾರೂ ಇಲ್ವಾ?" ಅಂತ ದಿನಾ ಕೇಳೋರು. ಭಾವ ಒಂದು ಶನಿವಾರ ಕಾರು ತೆಗೆದರು. ಮೆಲ್ಬರ್ನ್‌ನಿಂದ ವಾಯುವ್ಯಕ್ಕೆ ಸುಮಾರು 110 ಕಿಲೋಮೀಟರ್ ಹೋದರೆ ಡೇಲ್ಸ್‌ಫರ್ಡ್. ಅಲ್ಲಿಂದ ನಾಲ್ಕೈದು ಕಿಲೋಮೀಟರಿಗೆ ಹೆಪ್‌ಬರ್ನ್ ಸ್ಪ್ರಿಂಗ್ಸ್. ಅಪ್ಪ ಎಲೆ ಉಜ್ಜಿ ನೋಡಿದ್ದು ಅಲ್ಲೇ.

ಆ ಬೂದಿಗೂ ಆ ಊರಿಗೂ ಹಳೇ ಸಂಬಂಧ ಇದೆ. ನನಗೆ ಅದು ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ. ಅಲ್ಲೇ ಬೇಲಿ ಪಕ್ಕ ನಿಂತು ಹೇಳತೊಡಗಿದೆ.

ಸ್ವಿಟ್ಜರ್ಲೆಂಡಿನ ದಕ್ಷಿಣಕ್ಕೆ ಟಿಚಿನೋ ಅಂತ ಒಂದು ಪ್ರಾಂತ್ಯ. ದೇಶ ಸ್ವಿಸ್, ಮನೆಮಾತು ಇಟಾಲಿಯನ್. ಕಡಿದಾದ ಕಣಿವೆಗಳು, ಅಂಗೈಯಗಲದ ಹೊಲಗಳು. ಗ್ರಾನೈಟ್ ಕಂಬ ನೆಟ್ಟು, ಅದರ ಮೇಲೆ ಚಪ್ಪರ ಹಾಕಿ ದ್ರಾಕ್ಷಿ ಹಬ್ಬಿಸುತ್ತಿದ್ದರು. ಮೊಬೈಲಿನಲ್ಲಿ ಆ ಚಪ್ಪರದ ಚಿತ್ರ ತೋರಿಸಿದಾಗ ಅಪ್ಪ ಕಣ್ಣು ಕಿರಿದು ಮಾಡಿ ನೋಡಿದರು. "ನಮ್ಮ ಕಲ್ಲುಕೂಚದ ಚಪ್ಪರ ಇದ್ದಂಗೇ ಐತಲ್ಲಾ!" ಅಂದರು.

1845ರಲ್ಲಿ ಇಂಗ್ಲೆಂಡಿನ ಗಾಜಿನ ಮನೆಯೊಂದರಲ್ಲಿ ಮೊದಲು ಕಾಣಿಸಿಕೊಂಡ ಬೂದಿ ರೋಗ, 1850ರ ಹೊತ್ತಿಗೆ ಫ್ರಾನ್ಸ್, ಇಟಲಿ, ಟಿಚಿನೋ ತೋಟಗಳಿಗೆ ಹರಡಿತು. ಕಾಯಿ ಕಟ್ಟುತ್ತಿದ್ದ ಹಾಗೇ ಸೀಳಿ ಕೊಳೆಯುತ್ತಿತ್ತು. ಗಂಧಕದ ಪುಡಿ ಹೊಡೆದರೆ ನಿಲ್ಲುತ್ತೆ ಅನ್ನುವುದು ಎಲ್ಲ ಕಡೆ ರೂಢಿಗೆ ಬರುವಷ್ಟರಲ್ಲಿ ಆ ದಶಕವೇ ಮುಗಿಯುತ್ತ ಬಂದಿತ್ತು. ಅದಕ್ಕೆ ಮುಂಚಿನಿಂದ ಆಲೂಗಡ್ಡೆಗೂ ರೋಗ. ಇದರ ಮೇಲೆ 1853ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಪಕ್ಕದ ಲೊಂಬಾರ್ಡಿ ಆಗ ಆಸ್ಟ್ರಿಯಾದ ಕೈಯಲ್ಲಿತ್ತು. ಮಿಲಾನ್‌ನಲ್ಲಿ ದಂಗೆಯಾಯಿತು. ಟಿಚಿನೋದವರು ದಂಗೆಕೋರರಿಗೆ ಆಸರೆ ಕೊಡುತ್ತಾರೆ ಅಂತ ಆಸ್ಟ್ರಿಯಾ ಗಡಿ ಮುಚ್ಚಿತು. ಲೊಂಬಾರ್ಡಿಯಲ್ಲಿ ಗಾರೆ ಕೆಲಸ, ಕೂಲಿ ಮಾಡಿಕೊಂಡಿದ್ದ ಸುಮಾರು 6,000 ಟಿಚಿನೋ ಜನರನ್ನು ಹೊರಹಾಕಿತು. ಬೆಳೆ ಹೋಯಿತು, ಕೂಲಿಯೂ ಹೋಯಿತು.

ಅದೇ ಹೊತ್ತಿಗೆ ಹಡಗಿನ ಏಜೆಂಟರು ಕಣಿವೆಗಳಲ್ಲಿ ಓಡಾಡಿದರು. ಆಸ್ಟ್ರೇಲಿಯಾದಲ್ಲಿ ಚಿನ್ನ ಸಿಗುತ್ತದೆ ಅಂದರು. ಹೊಲ ಅಡವಿಟ್ಟು, ಊರಿನ ಪಂಚಾಯಿತಿಯಿಂದ ಸಾಲ ಎತ್ತಿ, 1854, 1855ರ ಆಸುಪಾಸಿನಲ್ಲಿ ಸುಮಾರು 2,000 ಜನ ಹೊರಟರು. ಬಹುಪಾಲು ಗಂಡಸರು. ಎರಡು ಮೂರು ವರ್ಷ ದುಡಿದು, ಸಾಲ ತೀರಿಸಿ ವಾಪಸ್ ಬರುವ ಲೆಕ್ಕ. ಮೂರು ತಿಂಗಳಿಗೂ ಜಾಸ್ತಿ ಹಡಗಿನ ಪ್ರಯಾಣ.

ಅಪ್ಪ ಮಧ್ಯೆ ಒಂದೇ ಮಾತು ಕೇಳಿದರು. "ಹೆಂಡ್ರು ಮಕ್ಳು?"

ಊರಲ್ಲೇ ಉಳಿದರು. ಹೊಲ, ಹಸು, ಸಾಲ ಮೂರೂ ಅವರ ತಲೆ ಮೇಲೆ. ಆಗ ಊರಿಗೆ ಬರೆದ ಕಾಗದಗಳಲ್ಲಿ ಚಿನ್ನದ ಸುದ್ದಿಗಿಂತ ಸಾಲದ ಚಿಂತೆಯೇ ಜಾಸ್ತಿ. ಹಸು ಮಾರಿದಿರಾ, ಹುಲ್ಲು ಎಷ್ಟಾಯಿತು, ಕಂತು ಕಟ್ಟಿದಿರಾ ಅಂತ ಕೇಳುತ್ತಾರೆ. ದ್ರಾಕ್ಷಿ ಸಾಲದಲ್ಲಿ ಬೆಳೆದ ನನಗೆ ಆ ಪ್ರಶ್ನೆಗಳು ಹೊಸದಲ್ಲ.

ಅವರು ಬಂದಿಳಿಯುವಷ್ಟರಲ್ಲಿ ಮೇಲ್ಮಣ್ಣಿನ ಚಿನ್ನ ಮುಗಿಯುತ್ತ ಬಂದಿತ್ತು. ಆಳಕ್ಕೆ ತೋಡಲು ಯಂತ್ರ ಬೇಕು, ಬಂಡವಾಳ ಬೇಕು. ಅವೆರಡೂ ಇಲ್ಲದವರು ಗಣಿಗೆ ಮರ ಕಡಿದು ಕೊಟ್ಟರು, ಇದ್ದಿಲು ಸುಟ್ಟರು, ತರಕಾರಿ ಹಾಕಿದರು. ಕೆಲವರು ವಾಪಸ್ ಹೋದರು. ಕೆಲವರ ಸುದ್ದಿ ಊರಿಗೆ ಬರುವುದೇ ನಿಂತಿತು. ಉಳಿದವರಿಗೆ 1860ರ ದಶಕದ ಭೂ ಕಾಯ್ದೆಗಳು ದಾರಿ ಮಾಡಿದವು. ಚಿನ್ನದ ಗಣಿಗಳ ಹತ್ತಿರ 20 ಎಕರೆವರೆಗೆ ಭೂಮಿ ಹಿಡಿದು, ಅಲ್ಲೇ ಮನೆ ಮಾಡಿಕೊಂಡು ಉಳುಮೆ ಮಾಡಲು 1865ರ ಕಾಯ್ದೆ ಪರವಾನಗಿ ಕೊಟ್ಟಿತು. ಭೂಮಿ ಕೈಗೆ ಬಂದದ್ದೇ ಬಳ್ಳಿ ನೆಟ್ಟರು.

ಹೆಪ್‌ಬರ್ನ್ ಮುಖ್ಯರಸ್ತೆಯಲ್ಲಿ ನಡೆಯುತ್ತ ಹೋದೆವು. ಲೂಚಿನಿ ಸಹೋದರರು 1859ರಲ್ಲಿ ಕಟ್ಟಿದ ಮ್ಯಾಕರೋನಿ ಫ್ಯಾಕ್ಟರಿ ಇನ್ನೂ ಇದೆ. ಒಳಗೆ ಗೋಡೆ, ಸೂರುಗಳ ಮೇಲೆ ಆ ಕಾಲದ ಬಣ್ಣದ ಚಿತ್ರಗಳಿವೆ. ಹಿಟ್ಟು ಕಲಸಿ ಶ್ಯಾವಿಗೆ ಒತ್ತಿ ಮಾರುತ್ತಿದ್ದವರು ಸೂರಿಗೆ ಚಿತ್ರ ಬರೆದುಕೊಂಡರು ಅನ್ನುವುದು ನನಗೆ ತುಂಬ ಹಿಡಿಸಿತು. ದ್ರಾಕ್ಷಿ ಬೆಳೆದು ವೈನ್ ಮಾಡುತ್ತಿದ್ದ ಫಾಬ್ರಿತ್ಸಿಯೋ ಕ್ರಿಪ್ಪಾ 1864ರಲ್ಲಿ ಕಟ್ಟಿಸಿದ ಪಾರ್ಮಾ ಹೌಸ್ ಕೂಡ ಈ ಊರಲ್ಲೇ ಇದೆ. ಸವೋಯಾ ಅನ್ನುವ ಹೋಟೆಲಿನ ಹೆಸರು ಇಟಲಿಯ ರಾಜಮನೆತನದ್ದು.

ಬುಗ್ಗೆಗಳ ಕಣಿವೆಗೆ ಇಳಿದೆವು. ಇಲ್ಲಿ ನೆಲದಿಂದ ಗ್ಯಾಸ್ ತುಂಬಿದ ಖನಿಜದ ನೀರು ತಾನಾಗಿ ಬರುತ್ತದೆ. ಚಿನ್ನಕ್ಕಾಗಿ ಅಗೆಯುತ್ತ ಹೋದರೆ ಬುಗ್ಗೆ ಹಾಳಾಗುತ್ತದೆ ಅಂತ ಊರವರು ಅರ್ಜಿ ಹಾಕಿದರು. ಮುಂದೆ ನಿಂತವರಲ್ಲಿ ಈ ಸ್ವಿಸ್-ಇಟಾಲಿಯನ್ನರಿದ್ದರು. 1865ರಲ್ಲಿ ಆ ಜಾಗ ಮೀಸಲಾಯಿತು. ಒಂದು ಬುಗ್ಗೆಯ ಹೆಸರು ಲೊಕಾರ್ನೋ, ಟಿಚಿನೋದಲ್ಲಿರುವ ಊರಿನ ಹೆಸರು. ಅಪ್ಪ ಕೈಪಂಪು ಒತ್ತಿ ಬೊಗಸೆ ಹಿಡಿದು ಕುಡಿದರು. ತಣ್ಣಗೆ, ನಾಲಿಗೆ ಚುರುಕು ಮಾಡುವ ನೀರು. ಕೊನೆಗೆ ಕಬ್ಬಿಣದ ರುಚಿ. "ಹಳೇ ಕೊಳಾಯಿ ನೀರು ಕುಡ್ದಂಗಾಯ್ತು" ಅಂದರು, ಆದರೂ ಇನ್ನೊಂದು ಬೊಗಸೆ ಕುಡಿದರು.

ಮಧ್ಯಾಹ್ನ ಶೆಫರ್ಡ್ಸ್ ಫ್ಲ್ಯಾಟ್ ಅನ್ನುವ ಊರಿಗೆ ಹೋದೆವು. ನಾನು ನೋಡಬೇಕು ಅಂತ ಬಂದಿದ್ದ ಜಾಗ ಅದು. ಟಿಚಿನೋದಿಂದ ಬಂದ ಅಕ್ವಿಲಿನೋ ಟಿನೆಟ್ಟಿ ಇಲ್ಲಿ 1860ರ ದಶಕದಲ್ಲಿ ನೆಲೆ ನಿಂತ. ಟಿನೆಟ್ಟಿ ಮನೆತನ ಈ ಹೊಳೆ ದಂಡೆಯಲ್ಲಿ ತಲೆಮಾರುಗಳ ಕಾಲ ಹಸು ಸಾಕಿತು, ತರಕಾರಿ ಬೆಳೆಯಿತು. ಈಗ ಆ ಜಾಗದ ಹೆಸರು ಲವಾಂಡುಲಾ, ಲ್ಯಾವೆಂಡರ್ ಹೂವಿನ ತೋಟ. ನಾವು ಹೋದಾಗ ಕೊಯ್ಲಿನ ಕಾಲ. ಇಡೀ ಇಳಿಜಾರು ನೇರಳೆ, ಜೇನುಹುಳುಗಳ ಗುಂಯ್ ಶಬ್ದ. ಎಲ್ಲರೂ ಹೂವಿನ ಮಧ್ಯೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಪ್ಪ ನೇರ ಕಲ್ಲುಮನೆಯ ಹತ್ತಿರ ಹೋದರು.

ಆ ಗೋಡೆಯನ್ನು ನಾನು ಮರೆಯುವುದಿಲ್ಲ. ಒಂದು ಮೊಳಕ್ಕೂ ದಪ್ಪ. ಅಕ್ಕಪಕ್ಕದಲ್ಲೇ ಸಿಕ್ಕಿದ ಕಲ್ಲು, ಯಾವುದೂ ಒಂದೇ ಅಳತೆಯದಲ್ಲ. ದೊಡ್ಡ ಕಲ್ಲಿನ ಸಂದಿಗೆ ಚಿಕ್ಕ ಚಕ್ಕೆಗಳನ್ನು ಒಂದೊಂದಾಗಿ ತುರುಕಿದ್ದಾರೆ. ಮೂಲೆಗಲ್ಲುಗಳನ್ನು ಮಾತ್ರ ಉಳಿ ಹಿಡಿದು ನೇರ ಮಾಡಿದ್ದಾರೆ. ಹೊರಗೆ ಬಿಸಿಲು ಸುಡುತ್ತಿತ್ತು. ಬಾಗಿಲು ದಾಟಿದರೆ ಬಾವಿಯೊಳಗೆ ಇಳಿದ ಹಾಗೆ ತಂಪು. ವೈನಿಗೆ ಬೇಕಾದ್ದು ಅದೇ ತಂಪು. ಟಿಚಿನೋ ಕಣಿವೆಯಲ್ಲಿ ಅವರ ಅಪ್ಪ, ಅಜ್ಜ ಹೇಗೆ ಕಲ್ಲು ಜೋಡಿಸುತ್ತಿದ್ದರೋ ಹಾಗೇ ಇಲ್ಲಿಯೂ ಜೋಡಿಸಿದರು. ಕಾಗದದಲ್ಲಿ ಬರೆಯದ ಮನೆತನದ ಚರಿತ್ರೆ ಆ ಗೋಡೆಯಲ್ಲಿದೆ ಅಂತ ನನಗೆ ಅನಿಸಿತು. ಅಪ್ಪ ಸುಮ್ನೆ ಅಂಗೈ ಇಟ್ಟು ನಿಂತಿದ್ದರು. "ಈ ಕೆಲ್ಸ ವಾಪಸ್ ಹೋಗೋನು ಮಾಡಿದ್ದಲ್ಲ" ಅಂದರು.

ಅದೇ ನಿಜ. ಎರಡು ವರ್ಷಕ್ಕೆ ಬಂದವರು ಇಂಥ ಗೋಡೆ ಕಟ್ಟುವುದಿಲ್ಲ. ಎಲ್ಲೋ ಒಂದು ದಿನ, ಬಹುಶಃ ಸಾಲದ ಕೊನೇ ಕಂತು ಕಳಿಸಿದ ಮೇಲೆ, ಮನಸ್ಸು ಇಲ್ಲೇ ನಿಂತಿರಬೇಕು. ಎಷ್ಟೋ ಜನ ಇಲ್ಲಿಯೇ ಐರಿಶ್ ಹೆಣ್ಣುಮಕ್ಕಳನ್ನು ಮದುವೆಯಾದರು. ಆಕೆಯೂ ಕ್ಯಾಥೊಲಿಕ್, ಈತನೂ ಕ್ಯಾಥೊಲಿಕ್. ಮಕ್ಕಳು ಇಂಗ್ಲಿಷ್ ಮಾತಾಡಿ ಬೆಳೆದರು. ಅಲ್ಲಿ ಕಣಿವೆಯಲ್ಲಿ ಕಾದು ಕೂತಿದ್ದ ಹೆಂಗಸರ ಕಥೆಯನ್ನು ಇದರ ಪಕ್ಕದಲ್ಲೇ ಇಟ್ಟು ನೋಡಬೇಕು ಅಲ್ವಾ?

ಆಸ್ಟ್ರೇಲಿಯಾದ ವೈನ್ ಚರಿತ್ರೆಯಲ್ಲಿ ಸ್ವಿಸ್ ಅಂದರೆ ಜನ ಯಾರಾ ಕಣಿವೆಯ ಕಾಸ್ಟೆಲ್ಲಾ ಸಹೋದರರನ್ನು ನೆನೆಯುತ್ತಾರೆ. ಅವರು ಫ್ರೆಂಚ್ ಮಾತಾಡುವ ನ್ಯೂಶಾಟೆಲ್ ಪ್ರಾಂತ್ಯದವರು. ಮೆಲ್ಬರ್ನ್ ಇರುವ ವಿಕ್ಟೋರಿಯಾ ಪ್ರಾಂತ್ಯದ ಮೊದಲ ಲೆಫ್ಟಿನೆಂಟ್ ಗವರ್ನರ್ ಲಾ ಟ್ರೋಬ್ ಅವರ ಹೆಂಡತಿ ಸೋಫಿ ಕೂಡ ಅದೇ ಪ್ರಾಂತ್ಯದವರು. ಕಾಸ್ಟೆಲ್ಲಾ ಸಹೋದರರ ಕೈಯಲ್ಲಿ ಹಣವಿತ್ತು, ಪರಿಚಯವಿತ್ತು, ದೊಡ್ಡ ತೋಟಗಳಿದ್ದವು. ಟಿಚಿನೋದವರ 20 ಎಕರೆಯ ವೈನ್ ಮನೆಗೆ, ನೆರೆಯವರಿಗೆ, ಗಣಿಯ ಕೂಲಿಗಳಿಗೆ ಆಗಿ ಮುಗಿಯುತ್ತಿತ್ತು. ನನ್ನ ಮಟ್ಟಿಗೆ ಈ ಚಿಕ್ಕ ತೋಟಗಳ ಕಥೆಯೇ ದೊಡ್ಡದು.

ಇನ್ನೊಂದು ಮಾತು ಹೇಳದೆ ಇರಲಾರೆ. ಈ ಭೂಮಿ ಖಾಲಿ ಇರಲಿಲ್ಲ. ಇದು ಜಾ ಜಾ ವುರುಂಗ್ ಅನ್ನುವ ಮೂಲನಿವಾಸಿ ಜನರ ನೆಲ. ಹತ್ತಿರದ ಮೌಂಟ್ ಫ್ರಾಂಕ್ಲಿನ್ ಬೆಟ್ಟ ಅವರಿಗೆ ಲಾಲ್‌ಗಂಬೂಕ್. 1840ರ ದಶಕದಲ್ಲಿ ಸರ್ಕಾರ ಅದರ ಬುಡದಲ್ಲಿ ಅವರಿಗಾಗಿ ಒಂದು ರಕ್ಷಣಾ ಕೇಂದ್ರ ನಡೆಸಿ, ದಶಕ ಮುಗಿಯುವಷ್ಟರಲ್ಲಿ ಮುಚ್ಚಿಬಿಟ್ಟಿತು. ಟಿಚಿನೋದವರು ಬಂದದ್ದು ಅದಾದ ಮೇಲೆ. ಹಸಿದು ಬಂದವರಿಗೆ ಸಿಕ್ಕಿದ್ದು ಇನ್ನೊಬ್ಬರಿಂದ ಕಿತ್ತುಕೊಂಡ ನೆಲ. ನಾವು ಹೋದಾಗ ಅಲ್ಲಿಯ ಹೊಳೆಗೆ ಕಪ್ಪು ಜನರನ್ನು ಹೀಯಾಳಿಸುವ ಹೆಸರೊಂದಿತ್ತು. ಆಮೇಲೆ ಅದನ್ನು ತೆಗೆದು ಲಾರ್ನಿ ಬರ್ರಮಲ್ ಯಾಲೂಕ್ ಅಂತ ಇಟ್ಟಿದ್ದಾರೆ. ಎಮು ಹಕ್ಕಿಯ ನೆಲೆಯಾದ ಹೊಳೆ ಅಂತ ಅರ್ಥ. ಸುದ್ದಿ ಓದಿ ಸಮಾಧಾನವಾಯಿತು.

ವಾಪಸ್ ಬರುತ್ತ ಡೇಲ್ಸ್‌ಫರ್ಡ್‌ನ ಮಾಂಸದಂಗಡಿಯ ಮುಂದೆ ಭಾವ ನಿಲ್ಲಿಸಿದರು. ಇಲ್ಲಿಯ ಸ್ವಿಸ್-ಇಟಾಲಿಯನ್ ಮನೆಗಳು ಉಳಿಸಿಕೊಂಡು ಬಂದ ಬುಲ್‌ಬೋರ್ ಅನ್ನುವ ಸಾಸೇಜ್ ಅಲ್ಲಿ ಸಿಗುತ್ತದೆ. ದನದ ಮಾಂಸ, ಹಂದಿ ಮಾಂಸ, ಕೆಂಪು ವೈನಿನಲ್ಲಿ ನೆನೆಸಿದ ಬೆಳ್ಳುಳ್ಳಿ, ಮೇಲೆ ಚಕ್ಕೆ ಲವಂಗ. ಒಂದೊಂದು ಮನೆತನದ್ದು ಒಂದೊಂದು ಅಳತೆ. ನಾವು ತಿನ್ನುವವರಲ್ಲ, ಆದರೆ ಬಾಗಿಲಲ್ಲೇ ಆ ವಾಸನೆ ಬಂತು. ಅಕ್ಕ, "ನಮ್ಮನೆ ಮಸಾಲೆ ಡಬ್ಬಿ ಮುಚ್ಚಳ ತೆಗ್ದಂಗಾಯ್ತು" ಅಂದಳು. ಬಳ್ಳಿಗಳು ಹೋದವು, ಭಾಷೆ ಹೋಯಿತು. ಈ ಅಳತೆ ಮಾತ್ರ ಬಾಯಿಂದ ಬಾಯಿಗೆ ಉಳಿದಿದೆ. 1993ರಿಂದ ಹೆಪ್‌ಬರ್ನ್‌ನಲ್ಲಿ ಸ್ವಿಸ್-ಇಟಾಲಿಯನ್ ಹಬ್ಬವನ್ನೂ ಮಾಡುತ್ತಾರೆ.

ಕತ್ತಲಾಗುತ್ತಿತ್ತು. ಕಾರಿನಲ್ಲಿ ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಊರಲ್ಲಿ ಆಗ ಮಧ್ಯಾಹ್ನ. ಫೋನ್ ಕೇಳಿ ಇಸಿದುಕೊಂಡು ಚಿಕ್ಕಪ್ಪನಿಗೆ ಹಚ್ಚಿದರು.

"ಏನಪ್ಪಾ, ಮೋಡ ಐತಾ ಅಲ್ಲಿ? ಮೂರು ದಿನದಿಂದ್ಲಾ? ಮತ್ತೆ ಗಂಧಕ ಹೊಡ್ದ್ಯಾ ಇಲ್ವಾ?"