ಕತ್ತರಿ ಪ್ರೇಕ್ಷಕರ ಕೈಯಲ್ಲಿ, ಮುಗಿಸುವ ಮಾತು ಯಾರದು?

ಪರ್ಫಾರ್ಮೆನ್ಸ್ ಆರ್ಟ್ ನಡೆಯುವ ಗ್ಯಾಲರಿಗಳಲ್ಲಿ ಪ್ರದರ್ಶನದ ಉಸ್ತುವಾರಿ ನನ್ನ ಕೆಲಸ. ಕಲಾವಿದೆ ತನ್ನ ಮೈಯನ್ನೇ ಕೃತಿಯಾಗಿಸಿ ನಿಂತಿರುವಾಗ ಗೋಡೆ ಪಕ್ಕ ಕಪ್ಪು ಬಟ್ಟೆ ಹಾಕಿಕೊಂಡು ಸುಮ್ಮನೆ ನಿಂತಿರುತ್ತಾರಲ್ಲ, ಅವರಲ್ಲಿ ಒಬ್ಬಳು. ನೋಡಿದವರಿಗೆ ಇವರಿಗೇನು ಕೆಲಸ ಅನ್ನಿಸಬೇಕು. ನಿಜವಾದ ಕೆಲಸ ಅಷ್ಟು ಹೊತ್ತಿಗೆ ಕಾಗದದ ಮೇಲೆ ಮುಗಿದಿರುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬಂದವರು ಕಲಾವಿದರನ್ನು ಮೊದಲು ಕೇಳುವುದು "ಏನು ಮಾಡ್ತೀರಿ?" ಅಂತ. ನಾನು ಮೊದಲು ಕೇಳುವುದು "ಏನನ್ನ ಕೊಡೋದಿಲ್ಲ?" ಅಂತ. ಬೆತ್ತಲೆ ನಿಲ್ಲಲು ಒಪ್ಪಿದವರು ತಮ್ಮ ನಿಜವಾದ ಹೆಸರು ಗೋಡೆಬರಹದಲ್ಲಿ ಬೇಡ ಅನ್ನಬಹುದು. ದಿನವಿಡೀ ಮುಖ ತೋರಿಸುವವರು ಹತ್ತಿರದಿಂದ ಮುಖದ ಫೋಟೊ ಬೇಡ ಅನ್ನಬಹುದು. ಕಾರಣ ಕೇಳಲು ಹೋಗುವುದಿಲ್ಲ, ಬರೆದುಕೊಳ್ಳುತ್ತೇನೆ. ಮೈ ತೋರಿಸಿದವರು ಬದುಕನ್ನೂ ಬಿಚ್ಚಿಟ್ಟರು ಅಂತ ನೋಡುವವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ತೈವಾನ್ ಮೂಲದ ಕಲಾವಿದ ತೆಚಿಂಗ್ ಷಿಯೆ 1980ರ ಏಪ್ರಿಲ್‌ನಿಂದ ಒಂದು ವರ್ಷ, ಹಗಲೂ ರಾತ್ರಿ, ಗಂಟೆಗೊಮ್ಮೆ ಹಾಜರಿ ಗಡಿಯಾರದಲ್ಲಿ ಕಾರ್ಡ್ ಪಂಚ್ ಮಾಡಿದರು, ಪ್ರತಿ ಸಲವೂ ತಮ್ಮ ಒಂದು ಚಿತ್ರ ತೆಗೆದುಕೊಂಡರು. 8,760 ಸಲದಲ್ಲಿ ತಪ್ಪಿದ್ದು 133. ಅದಕ್ಕೂ ಲೆಕ್ಕವಿದೆ: ನಿದ್ದೆಯಿಂದ 94, ತಡವಾಗಿ 29, ಬೇಗ ಪಂಚ್ ಮಾಡಿ 10. ಚಿತ್ರದಿಂದ ಚಿತ್ರಕ್ಕೆ ಬೋಳುತಲೆಯ ಮೇಲೆ ಕೂದಲು ಬೆಳೆಯುವುದು ಕಾಣುತ್ತದೆ. ಆ ಮನುಷ್ಯನ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಒಂದು ಚಿತ್ರದಲ್ಲೂ ಕಾಣುವುದಿಲ್ಲ. ಆಗ ಅವರು ಅಮೆರಿಕದಲ್ಲಿ ದಾಖಲೆಪತ್ರಗಳಿಲ್ಲದೆ ಬದುಕುತ್ತಿದ್ದರು. ಕಾಗದವಿಲ್ಲದ ಮನುಷ್ಯ ತನ್ನ ಬಗ್ಗೆ ಇಷ್ಟು ಕಾಗದ ಮಾಡಿಟ್ಟ! ನನ್ನಂಥ ಕಡತದ ಜೀವಿಗೆ ಇದಕ್ಕಿಂತ ಇಷ್ಟದ ಕೃತಿ ಇಲ್ಲ.

ಎರಡನೆಯ ಪ್ರಶ್ನೆ: ನಿಲ್ಲಿಸುವುದು ಯಾರು? ಕಲಾವಿದೆ ಯೋಕೊ ಓನೊ 1964ರಲ್ಲಿ ಜಪಾನಿನ ಕ್ಯೋಟೊದಲ್ಲಿ ಮೊದಲ ಸಲ ಮಾಡಿದ 'ಕಟ್ ಪೀಸ್'ನಲ್ಲಿ ಆಕೆ ವೇದಿಕೆ ಮೇಲೆ ಅಲುಗಾಡದೆ ಕೂತಿರುತ್ತಾರೆ, ಮುಂದೆ ಕತ್ತರಿ. ಪ್ರೇಕ್ಷಕರು ಒಬ್ಬೊಬ್ಬರಾಗಿ ಬಂದು ಉಟ್ಟ ಬಟ್ಟೆಯ ಒಂದು ತುಂಡು ಕತ್ತರಿಸಿಕೊಂಡು ಹೋಗಬಹುದು. ಎಲ್ಲರಿಗೂ ನೆನಪಿರುವುದು ಕತ್ತರಿ. ಆಕೆ ಬರೆದಿಟ್ಟ ಸೂಚನೆಯ ಕೊನೆ ಮಾತು ನನಗೆ ಮುಖ್ಯ: ಮುಗಿಸುವುದು ಪ್ರದರ್ಶಕರ ಇಷ್ಟ. ಒಂದೇ ಸಾಲು, ಆದರೆ ಇಡೀ ಸಭೆಯ ಕೈ ಕಟ್ಟುವ ಸಾಲು. ಹತ್ತು ವರ್ಷದ ನಂತರ, 1974ರಲ್ಲಿ, ಕಲಾವಿದೆ ಮರೀನಾ ಅಬ್ರಮೋವಿಚ್ ಇಟಲಿಯ ನೇಪಲ್ಸ್‌ನಲ್ಲಿ 'ರಿದಮ್ 0' ಮಾಡಿದಾಗ ಆ ಸಾಲು ಇರಲಿಲ್ಲ. ಆರು ಗಂಟೆ, ಮೇಜಿನ ಮೇಲೆ 72 ವಸ್ತು, ಯಾವುದನ್ನು ಬೇಕಾದರೂ ನನ್ನ ಮೇಲೆ ಬಳಸಿ ಅನ್ನುವ ಸೂಚನೆ. ಗುಲಾಬಿಯೂ ಇತ್ತು, ಪಿಸ್ತೂಲೂ ಗುಂಡೂ ಇದ್ದವು. ಬಟ್ಟೆ ಕತ್ತರಿಸಿದರು, ಚರ್ಮ ಕೊಯ್ದರು, ಪಿಸ್ತೂಲು ಆಕೆಯತ್ತ ಗುರಿಯಾಯಿತು. ಹೊತ್ತು ಮುಗಿದು ಆಕೆ ಜನರ ಕಡೆ ನಡೆದು ಬಂದಾಗ ಎಲ್ಲರೂ ಓಡಿಹೋದರು ಅಂತ ಆಕೆಯೇ ಹೇಳಿದ್ದಾರೆ. ವಸ್ತುವಾಗಿದ್ದವಳು ಮತ್ತೆ ಮನುಷ್ಯಳಾಗಿ ಎದುರು ನಿಂತಾಗ ಮುಖ ಕೊಡಲು ಆಗಲಿಲ್ಲ.

ಇವೆಲ್ಲ ಕಲಾವಿದೆ ತನ್ನ ಮೈಯನ್ನು ತಾನೇ ಪಣಕ್ಕಿಟ್ಟ ಕೃತಿಗಳು. ನನ್ನ ನಿದ್ದೆ ಕೆಡಿಸುವುದು ಇನ್ನೊಂದು ಬಗೆ. ಒಬ್ಬರ ಕೃತಿಗೆ ಸಂಭಾವನೆ ಪಡೆದು ಮೈ ಕೊಡುವವರು. ಅಬ್ರಮೋವಿಚ್ ಮತ್ತು ಆಗಿನ ಅವರ ಸಂಗಾತಿ, ಕಲಾವಿದ ಉಲಾಯ್ 1977ರಲ್ಲಿ ಇಟಲಿಯ ಬೊಲೊನ್ಯದ ಗ್ಯಾಲರಿಯ ಬಾಗಿಲಲ್ಲಿ ಎದುರುಬದುರಾಗಿ ಬೆತ್ತಲೆ ನಿಂತಿದ್ದರು. ಒಳಗೆ ಹೋಗುವವರು ಇಬ್ಬರ ನಡುವೆ ಅಡ್ಡಡ್ಡ ತಿರುಗಿ ನುಸುಳಬೇಕಿತ್ತು. ಕೊನೆಗೆ ಪೊಲೀಸರು ಬಂದು ನಿಲ್ಲಿಸಿದರು. ಅದೇ ಕೃತಿಯನ್ನು 2010ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಬೇರೆ ಕಲಾವಿದರು ಸರದಿಯಲ್ಲಿ ನಿಂತು ಮಾಡಿದರು. ನೋಡಲು ಬಂದವರಲ್ಲಿ ಕೆಲವರು ಕೈ ಹಾಕಿದರು, ಅಂಥವರನ್ನು ಹೊರಗೆ ಕಳಿಸಿದ್ದೂ ಆಯಿತು. ತಮ್ಮನ್ನು ಸರಿಯಾಗಿ ರಕ್ಷಿಸಲಿಲ್ಲ ಎಂದು ಆ ಪ್ರದರ್ಶಕರಲ್ಲಿ ಒಬ್ಬರು 2024ರಲ್ಲಿ ದಾವೆ ಹೂಡಿದರು. ಪ್ರದರ್ಶನ ಮುಗಿದು ಸುಮಾರು ಹದಿನಾಲ್ಕು ವರ್ಷದ ಮೇಲೆ!

ಹಾಗಾಗಿ ಮರುಪ್ರದರ್ಶನ ಅಂದ ಕೂಡಲೇ ನಾನು ಕಲಾವಿದೆಯ ಕರಾರಿನ ಜೊತೆಗೆ ಇನ್ನೊಂದು ಕಾಗದ ತೆಗೆಯುತ್ತೇನೆ, ಮೈ ಕೊಡುವವರದ್ದು. ಹೆಸರು ಹಾಕಬೇಕೇ, ಬೇಡವೇ? ಎಡಗೈ ಮುಷ್ಟಿ ಕಟ್ಟಿದರೆ ನಿಲ್ಲಿಸಿ ಎಂದು ಅರ್ಥ, ಆಮೇಲೆ ಯಾರೂ ಕಾರಣ ಕೇಳಕೂಡದು, ಆ ದಿನದ ಸಂಭಾವನೆ ಕಡಿತವಾಗಕೂಡದು. ಈ ಕೊನೆಯ ಮಾತು ಬರೆಯದೇ ಹೋದರೆ ಮುಷ್ಟಿ ಕಟ್ಟಲು ಯಾರೂ ಧೈರ್ಯ ಮಾಡುವುದಿಲ್ಲ. ಕಾವಲಿನವರನ್ನು ಪ್ರದರ್ಶಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಿಲ್ಲಿಸುತ್ತೇನೆ. ಪ್ರೇಕ್ಷಕರು ಚೆನ್ನಾಗಿ ಕಾಣುವ ಮೂಲೆ ಅಂತ ಕಾವಲಿನವರೇ ಹುಡುಕಿಕೊಂಡರೆ ಪ್ರದರ್ಶಕರ ಬೆನ್ನ ಹಿಂದೆ ಹೋಗಿ ನಿಂತಿರುತ್ತಾರೆ. ಸರದಿ ಚಿಕ್ಕದಿರಬೇಕು: ಮಂಡಿ ಬಿಗಿಹಿಡಿದು ಬಹಳ ಹೊತ್ತು ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತಿ ಬೀಳುತ್ತಾರೆ. ಮುಗಿದ ಕೂಡಲೇ ಹೊದೆಯಲು ಬೆಚ್ಚನೆಯದೊಂದು, ನೀರು, ಸಭಾಂಗಣದ ಮೂಲಕ ಹೋಗದ ಬಾಗಿಲು. ಆ ಬಾಗಿಲ ಹತ್ತಿರ ಅಭಿನಂದಿಸಲು, ಅಪ್ಪಿಕೊಳ್ಳಲು ಜನ ಬರುತ್ತಾರೆ, ಪ್ರೀತಿಯಿಂದಲೇ ಬರುತ್ತಾರೆ. ಆಗ ಅಡ್ಡ ನಿಂತು "ಈಗ ಬೇಡ, ದಯವಿಟ್ಟು" ಅನ್ನುವ ಒರಟು ಹೆಂಗಸು ನಾನೇ. ಬೈಸಿಕೊಳ್ಳುವುದು ಅಭ್ಯಾಸವಾಗಿದೆ.

ಫೋಟೊಗಳದ್ದು ಬೇರೆಯೇ ತಲೆನೋವು. ಮೈ ಹತ್ತು ನಿಮಿಷದಲ್ಲಿ ಬಟ್ಟೆ ಹಾಕಿಕೊಂಡು ಮನೆಗೆ ಹೋಗುತ್ತದೆ, ಚಿತ್ರ ಹೋಗುವುದಿಲ್ಲ. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಮತ್ತು ಛಾಯಾಗ್ರಾಹಕಿ ಕ್ಲೇರ್ ಆರ್ನಿ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಸರಣಿಯಲ್ಲಿ ರವಿವರ್ಮನ ಚಿತ್ರದ ಹೆಣ್ಣನ್ನೂ, ಜನಾಂಗಗಳ ಮೈ ಅಳೆಯಲು ವಸಾಹತುಕಾಲದಲ್ಲಿ ತೆಗೆದಂಥ ಫೋಟೊದ ಹೆಣ್ಣನ್ನೂ ಮತ್ತೆ ಕಟ್ಟಿದರು. ವೇಷ ತೊಟ್ಟು ನಿಂತವರು ಪುಷ್ಪಮಾಲಾ, ಕೃತಿಗೆ ಇಬ್ಬರ ಹೆಸರೂ ಇದೆ. ಇಂಥ ಕೃತಿಗಳಲ್ಲಿ ಚಿತ್ರವೇ ಪ್ರದರ್ಶನ, ಹಕ್ಕು ಯಾರದು ಅಂತ ಮೊದಲೇ ಗೊತ್ತಿರುತ್ತದೆ. ಕಲಾವಿದೆ ಅಮಾಲಿಯಾ ಉಲ್ಮನ್ 2014ರಲ್ಲಿ ಇನ್‌ಸ್ಟಾಗ್ರಾಂನಲ್ಲಿ ಸ್ತನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಾಗೆ ತಿಂಗಳುಗಟ್ಟಲೆ ನಟಿಸಿ, ಆಮೇಲೆ ಎಲ್ಲವೂ ಬರೆದಿಟ್ಟ ಕಥೆ ಅಂದರು. ಜನ ನಂಬಿದ್ದರು. ಅಲ್ಲೂ ಪ್ರತಿ ಚಿತ್ರ ಆಕೆಯ ಆಯ್ಕೆ.

ಗ್ಯಾಲರಿಯಲ್ಲಿ ಹಾಗಾಗುವುದಿಲ್ಲ. ಮೂರು ಕ್ಯಾಮೆರಾ ಆರು ಗಂಟೆ ಓಡಿರುತ್ತವೆ. ನಮ್ಮ ಸಂಗ್ರಹಕ್ಕೆ ಒಪ್ಪಿದ ಚಿತ್ರ ಪತ್ರಿಕೆಗೆ ಹೋಗಬೇಕಾದರೆ ಬೇರೆ ಸಹಿ, ಸಾಮಾಜಿಕ ಜಾಲತಾಣಕ್ಕೆ ಮತ್ತೊಂದು ಸಹಿ. ಸಂಪಾದಿಸದ ವಿಡಿಯೊ ಯಾರ ಡಿಸ್ಕ್‌ನಲ್ಲಿ, ಎಷ್ಟು ದಿನ, ಅಳಿಸುವಾಗ ಎದುರಿಗೆ ಯಾರಿರಬೇಕು, ಇದನ್ನೂ ಬರೆಯಬೇಕು. ಪ್ರದರ್ಶಕರು ಮುಂದೆ ಮನಸ್ಸು ಬದಲಿಸಿದರೆ ಅವರ ಮುಖವಿರುವ ಭಾಗವನ್ನು ತೆಗೆಯತಕ್ಕದ್ದು ಅನ್ನುವ ಸಾಲಿಗೆ ವಕೀಲರು ಯಾವಾಗಲೂ ಕೆಂಪು ಗೆರೆ ಎಳೆಯುತ್ತಾರೆ. ವಾದ ಮಾಡುವುದಿದ್ದರೆ ಆಗಲೇ ಮಾಡಿ. ಆಮಂತ್ರಣ ಅಚ್ಚಾದ ಮೇಲೆ ಆ ಸಾಲನ್ನು ಯಾರೂ ವಾಪಸ್ ಹಾಕಿಕೊಡುವುದಿಲ್ಲ.