ಕ್ಲಾಸ್‌ಪಾತ್ ಎಲ್ಲಿ ಸೆಟ್ ಮಾಡಬೇಕು? ಎಲ್ಲೂ ಬೇಡ!

ಎಲ್ಲೂ ಮಾಡಬೇಡಿ. ಉತ್ತರ ಇಷ್ಟೇ. ಅವಸರ ಇರುವವರು ಇಲ್ಲಿಂದಲೇ ಎದ್ದು ಹೋಗಬಹುದು.

ನಾನು ಶಿವಮೊಗ್ಗದಲ್ಲಿ ಮನೆಯಲ್ಲೇ ಕೂತು ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲಸ ಮಾಡುವವನು. ಇದು ನೆಂಟರಿಗೆಲ್ಲ ಗೊತ್ತಾಗಿಬಿಟ್ಟಿದೆ. ಬಿಸಿಎ, ಇಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಯಿಂದ ಫೋನ್ ಬಂತೆಂದರೆ ಅಡಿಕೆ ರೇಟು, ಮಳೆ ಅಂತ ಎರಡು ಮಾತು. ಆಮೇಲೆ "ಒಂಚೂರು ಇವನ ಹತ್ರ ಮಾತಾಡು" ಅಂತ ಫೋನು ಮಗನ ಕೈಗೋ ಮಗಳ ಕೈಗೋ ಹೋಗುತ್ತದೆ. "ಮಾವ, ಕ್ಲಾಸ್‌ಪಾತ್ ಪರ್ಮನೆಂಟಾಗಿ ಸೆಟ್ ಮಾಡೋದು ಹೇಗೆ?"

ಆ 'ಪರ್ಮನೆಂಟ್' ಕೇಳಿದರೆ ಮೈ ಉರಿಯುತ್ತದೆ. ಕ್ಲಾಸ್‌ಪಾತ್ ಅಂದರೆ ಜಾವಾ ನಿಮ್ಮ ಕ್ಲಾಸ್‌ಗಳನ್ನು (ಪ್ರೋಗ್ರಾಮಿನ ತುಂಡುಗಳನ್ನು) ಎಲ್ಲೆಲ್ಲಿ ಹುಡುಕಬೇಕು ಅನ್ನುವ ಪಟ್ಟಿ. ಒಂದಿಷ್ಟು ಫೋಲ್ಡರ್, ಒಂದಿಷ್ಟು ಜಾರ್ ಫೈಲ್ (ಕ್ಲಾಸ್‌ಗಳನ್ನು ಕಟ್ಟಿಟ್ಟ ಗಂಟು), ಅಷ್ಟೇ. ಒಂದೊಂದು ಪ್ರಾಜೆಕ್ಟಿಗೆ ಒಂದೊಂದು ಪಟ್ಟಿ. ಇಡೀ ಕಂಪ್ಯೂಟರಿಗೆ ಒಂದೇ ಪಟ್ಟಿ ಯಾಕೆ ಮಾರಾಯ? ಜನ್ಮಪೂರ್ತಿ ಒಂದೇ ಪ್ರೋಗ್ರಾಂ ಬರೀತೀಯಾ? (ಜಾವಾ ಎಲ್ಲಿದೆ ಅಂತ ಕಂಪ್ಯೂಟರಿಗೆ ಹೇಳುವ ಪಾತ್, ಜಾವಾ ಹೋಮ್ ಬೇರೆ ವಿಷಯ. ಅವನ್ನು ಧಾರಾಳವಾಗಿ ಸೆಟ್ ಮಾಡಿ, ನನ್ನ ತಕರಾರಿಲ್ಲ.)

ತೀರ್ಥಹಳ್ಳಿ ಹತ್ತಿರದ ಒಂದು ಮದುವೆಯಲ್ಲಂತೂ ಊಟದ ಪಂಕ್ತಿಯಲ್ಲೇ ಸಿಕ್ಕಿಬಿದ್ದೆ. ಎಲೆ ತುದಿಗೆ ಉಪ್ಪು, ಉಪ್ಪಿನಕಾಯಿ ಬಿದ್ದಾಗಿತ್ತು. ಪಕ್ಕದಲ್ಲಿ ಕೂತವನು ದೊಡ್ಡಪ್ಪನ ಮಗಳ ಮಗ. ಎಡಗೈಯಲ್ಲಿ ಮೊಬೈಲ್ ಹಿಡಿದು ನನ್ನ ಎಲೆಯ ಮೇಲಕ್ಕೇ ತಂದ. ಲ್ಯಾಪ್‌ಟಾಪ್ ಪರದೆಯನ್ನು ಓರೆಯಾಗಿ ತೆಗೆದ ಫೋಟೊ. ಅರ್ಧ ಅಕ್ಷರ, ಅರ್ಧ ಟ್ಯೂಬ್‌ಲೈಟ್.

"ಮೊದಲು ಮೈಸೀಕ್ವೆಲ್ ಡ್ರೈವರ್ ಸಿಗ್ತಿರಲಿಲ್ಲ ಮಾವ. ಒಂದು ವಿಡಿಯೋ ನೋಡಿ ಕ್ಲಾಸ್‌ಪಾತ್ ಸೆಟ್ ಮಾಡಿದೆ. ಈಗ ನನ್ನ ಪ್ರೋಗ್ರಾಮೇ ಸಿಗ್ತಿಲ್ಲ!"

ನಿಜ. (ಡ್ರೈವರ್ ಅಂದರೆ ಜಾವಾ ಪ್ರೋಗ್ರಾಂ ಮೈಸೀಕ್ವೆಲ್ ಡೇಟಾಬೇಸ್ ಜೊತೆ ಮಾತಾಡೋಕೆ ಬೇಕಾದ ಜಾರ್.) ಮೇನ್ ಕ್ಲಾಸ್, ಅಂದರೆ ಪ್ರೋಗ್ರಾಂ ಶುರುವಾಗುವ ಕ್ಲಾಸ್, ಸಿಗಲಿಲ್ಲ ಅಂತ ಜಾವಾ ಗೋಗರೆಯುತ್ತಿತ್ತು. ಮುಂದಿನ ಫೋಟೊ ಎನ್ವಿರಾನ್‌ಮೆಂಟ್ ವೇರಿಯಬಲ್‌ದು, ಅಂದರೆ ಕಂಪ್ಯೂಟರ್ ನೆನಪಿಟ್ಟುಕೊಂಡು ಎಲ್ಲ ಪ್ರೋಗ್ರಾಮಿಗೂ ಹೇಳುವ ಸೆಟ್ಟಿಂಗ್‌ದು. ಡೌನ್‌ಲೋಡ್ಸ್ ಫೋಲ್ಡರಿನ ಒಂದು ಜಾರ್‌ನ ಪೂರ್ತಿ ವಿಳಾಸ ಅಲ್ಲಿತ್ತು. ಫೈಲ್ ಹೆಸರಿನ ಬಾಲಕ್ಕೆ ಬ್ರ್ಯಾಕೆಟ್‌ನಲ್ಲಿ 1. ಎರಡು ಸಲ ಇಳಿಸಿಕೊಂಡಿದ್ದಾನೆ, ಇರಲಿ. ಅಲ್ಲಿ ಇಲ್ಲದೇ ಇದ್ದದ್ದು ಒಂದು ಚುಕ್ಕಿ.

ನೀವು ಏನೂ ಸೆಟ್ ಮಾಡದಿದ್ದರೆ ಜಾವಾ ನೀವು ನಿಂತಿರುವ ಫೋಲ್ಡರಿನಲ್ಲಿ ಹುಡುಕುತ್ತದೆ. ಕ್ಲಾಸ್‌ಪಾತ್ ವೇರಿಯಬಲ್‌ಗೆ ಏನಾದರೂ ಹಾಕಿದಿರೋ, ಆ ಉಪಕಾರ ಅಲ್ಲಿಗೆ ಮುಗಿಯಿತು. ಪಟ್ಟಿಯಲ್ಲಿ ಇದ್ದದ್ದನ್ನು ಮಾತ್ರ ನೋಡುತ್ತದೆ. ಈಗಿನ ಫೋಲ್ಡರೂ ಬೇಕು ಅಂದರೆ ಪಟ್ಟಿಗೆ ಒಂದು ಚುಕ್ಕಿ ಸೇರಿಸಬೇಕು. ಹುಡುಗನ ಪಟ್ಟಿಯಲ್ಲಿ ಜಾರ್ ಒಂದೇ ಇತ್ತು. ಡ್ರೈವರ್ ಬಂತು, ಪ್ರೋಗ್ರಾಂ ಹೋಯಿತು.

"ಆದ್ರೆ ಕಂಪೈಲ್ ಆಗ್ತದಲ್ಲ ಮಾವ?" ಆಗದೇ ಏನು? ಕೋಡನ್ನು ಕ್ಲಾಸ್ ಮಾಡಿಕೊಡುವ ಕಂಪೈಲರಿಗೆ ಫೈಲ್ ಹೆಸರನ್ನೇ ಕೈಗೆ ಕೊಡುತ್ತೇವೆ, ಅದೇನೂ ಹುಡುಕಬೇಕಿಲ್ಲ. ಡ್ರೈವರ್ ಇಲ್ಲದಿದ್ದಾಗಲೂ ಕಂಪೈಲ್ ಆಗಿತ್ತಲ್ಲ, ಯಾಕೆಂದರೆ ಕೋಡಿನಲ್ಲಿ ಡ್ರೈವರ್ ಹೆಸರು ಬರೀ ಕೋಟ್ ಒಳಗಿನ ಸ್ಟ್ರಿಂಗ್. ಓಡುವ ಹೊತ್ತಿಗೇ ಅದರ ಬಣ್ಣ ಬಯಲಾಗೋದು.

"ಆ ವೇರಿಯಬಲ್ ಡಿಲೀಟ್ ಮಾಡು" ಅಂದೆ.

ಆಚೆ ಬದಿಯಿಂದ ಭಾವ ಶುರು ಮಾಡಿದರು. "ಸೆಟ್ ಮಾಡೋದು ಹೇಗೆ ಅಂತ ಕೇಳಿದ್ರೆ ಡಿಲೀಟ್ ಮಾಡು ಅಂತಿಯಲ್ಲ, ನೀನು ಎಂಥ ಇಂಜಿನಿಯರ್ ಮಾರಾಯ!" ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಹೋಳಿಗೆಗೆ ತುಪ್ಪ ಬಡಿಸುವವನೂ ನಗುತ್ತಾ ನನ್ನನ್ನು ದಾಟಿ ಹೋದ. ನಗಲಿ. ಹೇಳಿದ್ದು ಸರಿಯಾಗೇ ಇದೆ. ಜಾವಾದ ಅಧಿಕೃತ ದಾಖಲೆಯೇ ವೇರಿಯಬಲ್‌ಗಿಂತ ಓಡಿಸುವಾಗ ಕೊಡುವ ಆಪ್ಶನ್ ವಾಸಿ ಅನ್ನುತ್ತದೆ. ಪ್ರಾಜೆಕ್ಟಿನೊಳಗೆ ಲಿಬ್ ಅಂತ ಫೋಲ್ಡರ್ ಮಾಡಿ, ಜಾರ್‌ಗಳನ್ನು ಅಲ್ಲಿ ಹಾಕಿ, ಹೀಗೆ ಓಡಿಸಿ:

ಜಾವಾ -ಸಿಪಿ ".;ಲಿಬ್/*" ಮೇನ್

ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ, ಅದನ್ನೂ ಹೇಳಬೇಕಾ? ಸಿಪಿ ಅಂದರೆ ಕ್ಲಾಸ್‌ಪಾತ್, ಸ್ಟಾರ್ ಅಂದರೆ ಆ ಫೋಲ್ಡರಿನ ಎಲ್ಲ ಜಾರ್. ಪಟ್ಟಿಯ ನಡುವೆ ವಿಂಡೋಸ್‌ನಲ್ಲಿ ಸೆಮಿಕೋಲನ್, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಕೋಲನ್. ಸ್ಟಾರ್ ಆದಮೇಲೆ ಡಾಟ್ ಜಾರ್ ಅಂತ ಸೇರಿಸಬೇಡಿ, ಜಾವಾಕ್ಕೆ ಅದು ಅರ್ಥವಾಗಲ್ಲ. ಒಳಗಿನ ಫೋಲ್ಡರ್‌ಗಳಿಗೂ ಸ್ಟಾರ್ ಇಳಿಯಲ್ಲ. ಹಳೇ ವಿಡಿಯೋ ನೋಡಿ ಜಾವಾದ ಜೊತೆಗೇ ಬರುತ್ತಿದ್ದ ಆರ್‌ಟಿ ಜಾರ್, ಟೂಲ್ಸ್ ಜಾರ್ ಹುಡುಕುವವರಿಗೆ: 2017ರಲ್ಲಿ ಬಂದ ಜಾವಾ 9ರಲ್ಲೇ ಅವೆರಡನ್ನೂ ತೆಗೆದಿದ್ದಾರೆ. ಇನ್ನು "ಪೈಥಾನ್ ಕಲಿಯೋದೇ ವಾಸಿ ಅಲ್ವಾ?" ಅನ್ನುವವರಿಗೆ: ಅಲ್ಲಿ ಪೈಥಾನ್‌ಪಾತ್ ಅಂತ ಒಂದಿದೆ. ಹೋಗಿ ಬನ್ನಿ.

ನಿಜವಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ಒಂದಿದೆ, ಅದನ್ನು ಯಾರೂ ಕೇಳಲ್ಲ. "ಈ ಕ್ಲಾಸ್ ಯಾವ ಜಾರ್‌ನಿಂದ ಬಂತು?"

ಕ್ಲಾಸ್ ಸಿಗದಿದ್ದರೆ ಅದು ಸಣ್ಣ ತಲೆನೋವು. ಬೇರೆ ಕ್ಲಾಸ್ ಸಿಕ್ಕಿಬಿಟ್ಟರೆ? ಒಂದೇ ಲೈಬ್ರರಿಯ ಹಳೇ ಜಾರ್, ಹೊಸ ಜಾರ್ ಎರಡೂ ಪಟ್ಟಿಯಲ್ಲಿ ಸೇರಿಕೊಂಡಿರುತ್ತವೆ. ಜಾವಾ ಮೊದಲು ಸಿಕ್ಕಿದ್ದನ್ನು ಎತ್ತಿಕೊಂಡು ಸುಮ್ಮನಾಗುತ್ತದೆ. ಊರಲ್ಲಿ ಇಬ್ಬರು ಮಂಜುನಾಥ ಭಟ್ಟರಿದ್ದರೆ ಹೊಸ ಪೋಸ್ಟ್‌ಮ್ಯಾನ್ ಮೊದಲ ಮನೆಗೇ ಕಾಗದ ಕೊಟ್ಟು ಹೋಗುತ್ತಾನಲ್ಲ, ಹಾಗೆ. ಆಮೇಲೆ ಹೊಸ ಜಾರ್‌ನಲ್ಲಿ ಕಣ್ಣಾರೆ ಕಾಣುವ ಮೆಥಡ್ ಇಲ್ಲ ಅಂತ ಎರರ್ ಬರುತ್ತದೆ. ಮೇಲೆ ಹೇಳಿದ ಸ್ಟಾರ್ ಬಳಸಿದರೆ ಜಾರ್‌ಗಳು ಯಾವ ಕ್ರಮದಲ್ಲಿ ಬರುತ್ತವೆ ಅನ್ನೋದಕ್ಕೆ ಗ್ಯಾರಂಟಿಯೂ ಇಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ಸರ್ವರ್‌ನಲ್ಲಿ ಬೀಳಬಹುದು. ಲ್ಯಾಬ್ ಪ್ರೋಗ್ರಾಮಿಗೆ ಸ್ಟಾರ್ ಸಾಕು, ಸಂಬಳದ ಕೆಲಸಕ್ಕೆ ಸಾಲದು.

ಅಂಥ ಹೊತ್ತಿನಲ್ಲಿ ಜಾವಾ ಓಡಿಸುವಾಗ ಹೈಫನ್ ಹಾಕಿ 'ವರ್ಬೋಸ್ ಕೋಲನ್ ಕ್ಲಾಸ್' ಅಂತ ಸೇರಿಸಿ. ಪರದೆ ತುಂಬಾ ಸಾಲು ಸುರಿಯುತ್ತದೆ, ಗಾಬರಿ ಬೇಡ. ನಿಮ್ಮ ಕ್ಲಾಸಿನ ಹೆಸರು ಹುಡುಕಿ, ಅದು ಯಾವ ಜಾರ್‌ನಿಂದ ಬಂತು ಅಂತ ಅದೇ ಸಾಲಿನಲ್ಲಿ ಇರುತ್ತದೆ. ಜಾರ್‌ಗಳನ್ನು ತಾನೇ ತಂದುಕೊಡುವ ಮೇವನ್ ಬಳಸುತ್ತಿದ್ದರೆ ಅದರ ಡಿಪೆಂಡೆನ್ಸಿ ಟ್ರೀ (ಯಾವ ಜಾರ್ ಯಾವುದನ್ನು ಎಳೆದು ತಂದಿತು ಅನ್ನುವ ಪಟ್ಟಿ) ತೆಗೆಸಿ ನೋಡಿ. ಹಳೇ ಜಾರ್ ಯಾರ ಬೆನ್ನ ಹಿಂದೆ ಒಳಗೆ ಬಂತು ಅಂತ ಗೊತ್ತಾಗುತ್ತದೆ. ಅದನ್ನು ಹೊರಗಿಡೋಕೆ ಮೇವನ್‌ನ ಸೆಟ್ಟಿಂಗ್ ಇರುವ ಪಾಮ್ ಫೈಲಿನಲ್ಲಿ ಎಕ್ಸ್‌ಕ್ಲೂಶನ್ ಇದೆ.